ಬೋರ್ಡು ಬಂಡೆಯನ್ನು ತಡೆದೀತೆ?

ಚಳಿಗಾಲ ಬಂತೆಂದರೆ ವಿಜಯಪುರದ ಶಾಲೆಗಳಲ್ಲಿ ಪ್ರವಾಸದ ಪಟ್ಟಿ ತಯಾರಾಗುತ್ತದೆ. ಇಬ್ರಾಹಿಂಪುರದ ಓಣಿಗಳಿಂದ, ತಿಕೋಟಾ, ಬಬಲೇಶ್ವರದ ಹಳ್ಳಿಗಳಿಂದ ಮಕ್ಕಳು ರೊಟ್ಟಿ-ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಬಸ್ಸು ಏರುತ್ತಾರೆ. ಪನ್ಹಾಳ, ಜ್ಯೋತಿಬಾ, ಪ್ರತಾಪಗಡ, ರಾಯಗಡ, ಅಜಂತಾ, ವೇರುಳ, ಇವೇ ನಮ್ಮ ಕಡೆಯ ಮಕ್ಕಳು ನೋಡುವ ಹೊರಲೋಕ. ಹೊರಡುವ ಮೊದಲು ತಂದೆತಾಯಿಗಳು ಒಂದು ಕಾಗದಕ್ಕೆ ಸಹಿ ಹಾಕಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ದಾರಿಯಲ್ಲಿ ಏನಾದರೂ ಅನಾಹುತವಾದರೆ ಹೊಣೆ ನಮ್ಮದೇ ಎಂಬ ಕಾಗದ ಅದು. ಗಡದ ಬುಡಕ್ಕೆ ಹೋಗಿ ಇಳಿದರೆ ಅಲ್ಲಿಯೂ ಅದೇ ಮಾತು ತಗಡಿನ ಮೇಲೆ ಬರೆದಿರುತ್ತದೆ: ಕಲ್ಲು ಬೀಳುವ ಜಾಗ, ಜೋಕೆಯಿಂದ ನಡೆಯಿರಿ. ಕಾಗದವೂ ಬೋರ್ಡೂ ಒಂದೇ ಜಾತಿಯವು. ಮೇಲೆ ಕುಳಿತವರ ಹೆಗಲ ಮೇಲಿನ ಹೊಣೆಯನ್ನು ಇಳಿಸಿ ಕೆಳಗೆ ನಡೆಯುವವರ ತಲೆಯ ಮೇಲೆ ಇಡುವುದೇ ಎರಡರ ಕೆಲಸ.

ನಾವು ಶಾಲೆಯಲ್ಲಿ ಕಲಿಸುತ್ತಿದ್ದಾಗ ಇಂಥ ಪಟ್ಟಿ ಬರೆದವರು, ಮಕ್ಕಳ ತಲೆ ಎಣಿಸಿ ಬಸ್ಸು ಹತ್ತಿಸಿದವರು. ಪ್ರವಾಸ ನಿಲ್ಲಿಸಿರೆಂದು ನಾವು ಹೇಳುವುದಿಲ್ಲ. ಬಡವರ ಮಗುವಿಗೆ ವರ್ಷಕ್ಕೊಮ್ಮೆ ಸಿಗುವ ಲೋಕದರ್ಶನವನ್ನು ಕಸಿದುಕೊಳ್ಳುವುದು ಯಾವ ಸಮಾಜವಾದ? ನಮ್ಮ ಪ್ರಶ್ನೆ ಬೇರೆ. ಈ ಬೆಟ್ಟಗಳ ಕಲ್ಲು ಬೀಳುತ್ತದೆಂದು ಸರಕಾರಕ್ಕೆ ಗೊತ್ತಿದೆ. ಗೊತ್ತಿಲ್ಲದಿದ್ದರೆ ಬೋರ್ಡು ಹಾಕುತ್ತಿರಲಿಲ್ಲ. ಗೊತ್ತಿದ್ದ ಮೇಲೆ ಬೋರ್ಡು ಹಾಕಿ ಕೈತೊಳೆದುಕೊಳ್ಳುವುದು ನ್ಯಾಯವೇ?

2025ರ ಜುಲೈ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಸಭೆ ಸೇರಿದ ಯುನೆಸ್ಕೋ ಸಮಿತಿಯು ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ 11 ಮಹಾರಾಷ್ಟ್ರದಲ್ಲಿವೆ. ರಾಯಗಡ, ಪ್ರತಾಪಗಡ, ಪನ್ಹಾಳ ಮೂರೂ ಆ ಪಟ್ಟಿಯಲ್ಲಿವೆ. ಪನ್ಹಾಳವಂತೂ ನಮ್ಮ ವಿಜಯಪುರದ ಇತಿಹಾಸಕ್ಕೆ ಹೊಸೆದುಕೊಂಡ ಕೋಟೆ. ಆದಿಲಶಾಹಿಗಳು ಆಳಿದ ಕೋಟೆ ಅದು. 1660ರಲ್ಲಿ ಆದಿಲಶಾಹಿಯ ಸರದಾರ ಸಿದ್ದಿ ಜೌಹರನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕುಳಿತದ್ದೂ, ಮಳೆಗಾಲದ ಒಂದು ರಾತ್ರಿ ಶಿವಾಜಿ ತಪ್ಪಿಸಿಕೊಂಡು ವಿಶಾಳಗಡದ ಕಡೆ ಹೋದದ್ದೂ ಅಲ್ಲಿಂದಲೇ. ಪಟ್ಟಿಗೆ ಸೇರಿದಾಗ ಮಂತ್ರಿಗಳು ಪೇಢೆ ಹಂಚಿದರು, ಭಾಷಣ ಮಾಡಿದರು. ನಾವೂ ಸಂತೋಷಪಟ್ಟೆವು. ಆದರೆ ಪಟ್ಟಿಗೆ ಸೇರಿದ ಮೇಲೆ ಬರುವ ಜನ ಇಮ್ಮಡಿಯಾದರೆ ಸಡಿಲಗೊಂಡ ಬಂಡೆಯ ಕೆಳಗೆ ನಡೆಯುವ ತಲೆಗಳೂ ಇಮ್ಮಡಿಯಾಗುತ್ತವೆ. ಈ ಲೆಕ್ಕವನ್ನು ಯಾವ ಭಾಷಣದಲ್ಲಿಯೂ ನಾವು ಕೇಳಲಿಲ್ಲ.

ಇದು ಕಲ್ಪನೆಯ ಭಯವಲ್ಲ. 2023ರ ಜೂನ್ ಮೊದಲ ವಾರದಲ್ಲಿ ಶಿವಾಜಿಯ ಪಟ್ಟಾಭಿಷೇಕದ 350ನೆಯ ವರ್ಷದ ಉತ್ಸವಕ್ಕೆಂದು ರಾಯಗಡಕ್ಕೆ ಜನಸಾಗರ ಹರಿದು ಬಂದಿತ್ತು. ಆ ಜನಸಂದಣಿಯಲ್ಲಿ ಮೇಲಿನಿಂದ ಉರುಳಿದ ಕಲ್ಲು ಬಡಿದು ಒಬ್ಬ ತರುಣ ಪ್ರಾಣ ಬಿಟ್ಟ. ಕೋಟೆಯ ಅಭಿವೃದ್ಧಿಗೆಂದು ನೂರಾರು ಕೋಟಿ ರೂಪಾಯಿಗಳ ಯೋಜನೆ ಆಗಲೇ ನಡೆದಿತ್ತು. 2021ರ ಜುಲೈ ಮಳೆಯಲ್ಲಿ ಪನ್ಹಾಳಕ್ಕೆ ಏರುವ ಮುಖ್ಯ ರಸ್ತೆಯೇ ಕುಸಿದು ವಾಹನ ಸಂಚಾರ ನಿಂತುಹೋಯಿತು. 2023ರ ಜುಲೈ 19ರ ರಾತ್ರಿ ಇರ್ಶಾಳಗಡದ ಬುಡದಲ್ಲಿದ್ದ ಇರ್ಶಾಳವಾಡಿ ಎಂಬ ಆದಿವಾಸಿ ಹಾಡಿಯ ಮೇಲೆ ಗುಡ್ಡ ಜರಿಯಿತು. 27 ಶವಗಳು ಸಿಕ್ಕವು. 57 ಮಂದಿ ಮಣ್ಣಿನಲ್ಲಿಯೇ ಉಳಿದರು. ಮುಂಬಯಿ, ಪುಣೆಯ ಚಾರಣಿಗರು ರಜಾದಿನಗಳಲ್ಲಿ ಹತ್ತಿ ಇಳಿಯುವ ಗಡ ಅದು. ಅಪಾಯದ ಹಳ್ಳಿಗಳ ಪಟ್ಟಿಯಲ್ಲಿ ಈ ಹಾಡಿಯ ಹೆಸರೇ ಇರಲಿಲ್ಲವೆಂದು ಆಮೇಲೆ ಸರಕಾರವೇ ಹೇಳಿತು. ಪಟ್ಟಿಯಲ್ಲಿ ಹೆಸರಿಲ್ಲದವರ ಮೇಲೆ ಗುಡ್ಡ ಬೀಳಬಾರದೆಂದು ಗುಡ್ಡಕ್ಕೆ ಯಾರು ಹೇಳಬೇಕಿತ್ತು?

ಇಂಥ ಸಾವು ಆದಾಗಲೆಲ್ಲ ಅಧಿಕಾರಿಗಳ ಬಾಯಲ್ಲಿ ಬರುವ ಮೊದಲ ಮಾತು 'ದೈವಾಧೀನ'. ಎರಡನೆಯ ಮಾತು 'ಜನರ ಅಜಾಗರೂಕತೆ'. ದೈವದ ಹೆಗಲಿಗೆ ಅರ್ಧ, ಸತ್ತವನ ಹೆಗಲಿಗೆ ಅರ್ಧ ಹೊಣೆ ಹಂಚಿದರೆ ಕಚೇರಿಯ ಪಾಲಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಕಲ್ಲು ಏಕೆ ಬೀಳುತ್ತದೆ ಎಂಬುದನ್ನು ನಮ್ಮ ಓದುಗರು ಸ್ವಲ್ಪ ಸಾವಧಾನದಿಂದ ತಿಳಿದುಕೊಳ್ಳಬೇಕು. ತಿಳಿದವನಿಗೆ 'ದೈವಾಧೀನ' ಎಂದು ಹೇಳಿ ಕಳಿಸುವುದು ಸುಲಭವಲ್ಲ.

ಈ ಗಡಗಳ ಕಲ್ಲೂ ನಮ್ಮ ಕಾಲಡಿಯ ಕಲ್ಲೂ ಒಂದೇ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾರಸ ಪದರಪದರವಾಗಿ ಹರಡಿ ಆರಿ ಕಲ್ಲಾಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಅದು ಮುಚ್ಚಿಕೊಂಡಿದೆ. ವಿಜಯಪುರ ಅದರ ದಕ್ಷಿಣದ ಅಂಚಿನ ಕಡೆ ಇದೆ. ನಮ್ಮ ಹೊಲದ ಎರೆಮಣ್ಣು ಆ ಕಲ್ಲು ಕರಗಿ ಆದದ್ದು. ಗೋಲಗುಮ್ಮಟವನ್ನು ಕಟ್ಟಿದ್ದು ಅದೇ ಕರಿಕಲ್ಲಿನಿಂದ. ಇಲ್ಲಿ ನೆಲ ಸಮತಟ್ಟಾದ್ದರಿಂದ ಕಲ್ಲು ನೆಲದೊಳಗೆ ಸುಮ್ಮನೆ ಮಲಗಿದೆ. ಸಹ್ಯಾದ್ರಿಯ ಕಡೆ ಅದೇ ಪದರಗಳು ಒಂದರ ಮೇಲೊಂದು ಪೇರಿ ಬೆಟ್ಟವಾಗಿ, ಗೋಡೆಯಂತೆ ನೆಟ್ಟಗೆ ನಿಂತಿವೆ.

ಎಲ್ಲ ಪದರವೂ ಒಂದೇ ಗಟ್ಟಿಯಲ್ಲ. ಗಟ್ಟಿ ಪದರದ ಕೆಳಗೆ ತೂತುತೂತಾದ ಮೆತ್ತನೆಯ ಪದರ ಇರುತ್ತದೆ. ಎರಡು ಪದರಗಳ ನಡುವೆ ಕೆಲವೆಡೆ ಕೆಂಪು ಮಣ್ಣಿನ ಪಟ್ಟಿ ಇರುತ್ತದೆ. ಮಳೆಗಾಳಿಗೆ ಮೆತ್ತನೆಯ ಪದರ ಮೊದಲು ಸವೆಯುತ್ತದೆ. ಆಗ ಮೇಲಿನ ಗಟ್ಟಿ ಪದರ ಬುಡವಿಲ್ಲದ ಸಜ್ಜದಂತೆ ಹೊರಚಾಚಿ ನಿಲ್ಲುತ್ತದೆ. ಲಾವಾ ಆರುವಾಗಲೇ ಆ ಗಟ್ಟಿ ಪದರದಲ್ಲಿ ಉದ್ದುದ್ದ ಬಿರುಕುಗಳು ಬಿದ್ದಿರುತ್ತವೆ. ಆ ಬಿರುಕಿನಲ್ಲಿ ನೀರು ಇಳಿಯುತ್ತದೆ, ಅರಳಿ ಆಲದ ಬೇರು ಇಳಿಯುತ್ತದೆ. ಜೇಡಿಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಹೀಗೆ ವರ್ಷವರ್ಷವೂ ಒಂದೊಂದು ಕೂದಲೆಳೆಯಷ್ಟು ಬಂಡೆ ಹೊರಗೆ ಸರಿಯುತ್ತದೆ. ಕೊನೆಯ ತಳ್ಳುವಿಕೆ ಮಾತ್ರ ಒಂದು ಕ್ಷಣದ್ದು: ಒಂದು ರಾತ್ರಿಯ ಜಡಿಮಳೆ, ಒಂದು ಮಂಗನ ಜಿಗಿತ, ಮೇಲಿನ ದಾರಿಯಲ್ಲಿ ನಡೆದವನ ಕಾಲು. ನೋಡುವವರಿಗೆ ಆ ಕ್ಷಣ ಕಾಣುತ್ತದೆ, ಹಿಂದಿನ ಐವತ್ತು ವರ್ಷ ಕಾಣುವುದಿಲ್ಲ.

ಆ ಐವತ್ತು ವರ್ಷಗಳಲ್ಲಿ ಬಂಡೆ ಸುಮ್ಮನಿರುವುದಿಲ್ಲ, ನೋಟೀಸು ಕೊಡುತ್ತಲೇ ಇರುತ್ತದೆ. ಹೊಸ ಬಿರುಕು ಬಾಯಿ ಬಿಡುತ್ತದೆ. ಒಣಗಿರುತ್ತಿದ್ದ ಜಾಗದಲ್ಲಿ ನೀರು ಜಿನುಗುತ್ತದೆ. ಬುಡದಲ್ಲಿ ಹೊಸ ಚೂರುಕಲ್ಲು ಬಿದ್ದಿರುತ್ತದೆ. ಹಳೆಯ ಕಪ್ಪು ಮುಖದ ನಡುವೆ ತಾಜಾ ಮುರಿದ ಜಾಗ ತಿಳಿಬಣ್ಣದಲ್ಲಿ ಎದ್ದು ಕಾಣುತ್ತದೆ. ಗಿಡ ವಾಲುತ್ತದೆ. ಇವನ್ನು ಓದಲು ವಿಲಾಯಿತಿಯ ಪದವಿ ಬೇಕಿಲ್ಲ. ನಮ್ಮ ಜಿಲ್ಲೆಯ ಕಲ್ಲುಗಣಿಗಳಲ್ಲಿ ಬದುಕು ಸವೆಸಿದ ವಡ್ಡರ ಹಿರಿಯನನ್ನು ಕರೆದು ತೋರಿಸಿರಿ. ಆತ ಹಾರೆಯಿಂದ ಬಂಡೆಯನ್ನು ಒಮ್ಮೆ ಬಡಿದು ಕಿವಿಗೊಡುತ್ತಾನೆ. ಗಣಗಣ ಎಂದರೆ ಕಲ್ಲು ಹಿಡಿದಿದೆ. ಡೊಳ್ಳಿನಂತೆ ದಬ್ ಎಂದರೆ ಹಿಂದೆ ಪೊಳ್ಳಾಗಿದೆ, ಬಿಟ್ಟುಕೊಂಡಿದೆ. ಲೋಕದ ಎಲ್ಲ ಕಡೆಯ ಗಣಿಕಾರ್ಮಿಕರ ಮೊದಲ ಪರೀಕ್ಷೆ ಇದೇ.

ರೋಗ ಗೊತ್ತಿದ್ದಂತೆ ಮದ್ದೂ ಗೊತ್ತಿದೆ. ಬೆಟ್ಟದ ನೆತ್ತಿಯ ಮೇಲೆ ಕಾಲುವೆ ತೆಗೆದು ಮಳೆನೀರು ಬಿರುಕಿಗೆ ಇಳಿಯದಂತೆ ಬೇರೆ ಕಡೆ ಹರಿಸುವುದು. ಮಳೆಗಾಲದ ಮೊದಲೊಮ್ಮೆ ನಂತರವೊಮ್ಮೆ, ದಾರಿ ಮುಚ್ಚಿ, ಹಗ್ಗಕ್ಕೆ ಜೋತುಬಿದ್ದು ಸಡಿಲ ಕಲ್ಲುಗಳನ್ನು ನಾವೇ ಇಳಿಸಿಬಿಡುವುದು. ಇಳಿಸಲಾಗದ ದೊಡ್ಡ ಬಂಡೆಗೆ ರಂಧ್ರ ಕೊರೆದು ಉಕ್ಕಿನ ಸರಳು ಹೊಗಿಸಿ ಹಿಂದಿನ ಗಟ್ಟಿ ಕಲ್ಲಿಗೆ ಬಿಗಿಯುವುದು. ಬಿರುಕಿಗೆ ಗಾರೆ ತುಂಬುವುದು. ಬೇಕಾದಲ್ಲಿ ಉಕ್ಕಿನ ಜಾಲ ಹೊದಿಸುವುದು. ಬುಡದಲ್ಲಿ ಗುಂಡಿ ತೆಗೆದು ಉರುಳಿ ಬಂದ ಕಲ್ಲು ಅಲ್ಲಿಯೇ ನಿಲ್ಲುವಂತೆ ಮಾಡುವುದು. ಟಿಕೆಟ್ಟಿನ ಸಾಲು, ಅಂಗಡಿ, ಬಸ್ಸಿನ ನಿಲುಗಡೆಗಳನ್ನು ಬಂಡೆಯ ನೆರಳಿನಿಂದ ಆಚೆಗೆ ಸರಿಸುವುದು. ಮಳೆಮಾಪಕ ಇಟ್ಟು ಇಷ್ಟು ಮಳೆ ಬಿದ್ದರೆ ದಾರಿ ಬಂದ್ ಎಂದು ಮೊದಲೇ ನಿಶ್ಚಯಿಸುವುದು. ಇದರಲ್ಲಿ ಪವಾಡವೇನಿದೆ?

ಪವಾಡವಿಲ್ಲದೆಯೇ ಇದೇ ಕಲ್ಲಿನ ನಾಡಿನಲ್ಲಿ ಈ ಕೆಲಸ ಆಗಿಯೂ ಇದೆ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟ ರೈಲು ಸಿಂಧುದುರ್ಗ ಜಿಲ್ಲೆಯ ವೈಭವವಾಡಿಯ ಬಳಿ ಹಳಿಯ ಮೇಲೆ ಬಿದ್ದಿದ್ದ ಬಂಡೆಗಳಿಗೆ ಸಿಕ್ಕಿ ಉರುಳಿತು. 50ಕ್ಕೂ ಹೆಚ್ಚು ಮಂದಿ ಸತ್ತರು. ಒಂದು ವರ್ಷ ತುಂಬುವ ಮೊದಲೇ, 2004ರ ಜೂನ್ 16ರಂದು, ಮಂಗಳೂರಿನಿಂದ ಹೊರಟ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿಗೂ ಅದೇ ಗತಿಯಾಯಿತು. ಆಗಲೂ ಹತ್ತಕ್ಕೂ ಹೆಚ್ಚು ಜೀವ ಹೋದವು. ಎರಡೂ ರೈಲುಗಳಲ್ಲಿ ಕರಾವಳಿಯ ನಮ್ಮ ಜನರಿದ್ದರು. ಆಮೇಲೆ ಕೊಂಕಣ ರೈಲ್ವೆ ಎಚ್ಚತ್ತಿತು. ಕಡಿದಾದ ಇಳಿಜಾರುಗಳನ್ನು ಕಡಿದು ಓರೆ ಮಾಡಿತು, ಜಾಲ ಹೊದಿಸಿತು, ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಮಾಡಿತು. ಜಡಿಮಳೆಯಲ್ಲಿ ಎದುರು ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂದು ಚಾಲಕರಿಗೆ ತಾಕೀತು ಮಾಡಿತು. ಹಳಿಯುದ್ದಕ್ಕೂ ಹಗಲುರಾತ್ರಿ ಕಾವಲು ನಡೆಯುವ ಗ್ಯಾಂಗಿನವರನ್ನು ನೇಮಿಸಿತು. 'ರಕ್ಷಾ ಧಾಗಾ' ಎಂಬ ಸಾಧನವನ್ನು ತಾನೇ ಮಾಡಿಕೊಂಡಿತು; ಕಲ್ಲು ಬಿದ್ದು ಜಾಲ ಜಗ್ಗಿದರೆ ಅದು ಬರುವ ರೈಲಿಗೆ ಅಪಾಯದ ಸೂಚನೆ ಕೊಡುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು, ನಿಜ. ಆದರೆ ಹಾಕಿದರು. ಅಲ್ಲಿ ಬರಿಯ ಬೋರ್ಡು ನೆಟ್ಟು 'ಪ್ರಯಾಣಿಕರೇ, ಜೋಕೆ' ಎಂದಿದ್ದರೆ ಯಾರಾದರೂ ಒಪ್ಪುತ್ತಿದ್ದರೇ?

ಇನ್ನೊಂದು ಉದಾಹರಣೆ. 2015ರ ಜುಲೈಯಲ್ಲಿ ಮುಂಬಯಿ-ಪುಣೆ ವೇಗದ ಹೆದ್ದಾರಿಯ ಅದೋಶಿ ಸುರಂಗದ ಬಳಿ ಬಂಡೆ ಕುಸಿದು ಕಾರಿನಲ್ಲಿದ್ದವರು ಸತ್ತರು. ಬಹಳ ದಿನ ಆಗುವುದರೊಳಗೆ ಸಡಿಲ ಕಲ್ಲು ಇಳಿಸುವ, ಜಾಲ ಬಿಗಿಯುವ ಕೆಲಸ ಆರಂಭವಾಯಿತು. ಆಗಲಿ, ಬೇಕಾದ ಕೆಲಸವೇ. ಆದರೆ ಕಾರಿನ ಮೇಲೆ ಬೀಳುವ ಕಲ್ಲಿಗೆ ಉಕ್ಕಿನ ಜಾಲ, ಕಾಲುನಡಿಗೆಯವನ ಮೇಲೆ ಬೀಳುವ ಕಲ್ಲಿಗೆ ತಗಡಿನ ಬೋರ್ಡು, ಈ ಪಂಕ್ತಿಭೇದವನ್ನು ಯಾವ ಶಾಸ್ತ್ರದಲ್ಲಿ ಬರೆದಿದೆ?

ಬೋರ್ಡಿನ ಮಹಿಮೆ ನಮ್ಮ ದೇಶದ್ದಷ್ಟೇ ಅಲ್ಲ. ಅಮೇರಿಕದ ಹವಾಯಿ ದ್ವೀಪಗಳು ಜ್ವಾಲಾಮುಖಿಯಿಂದಲೇ ಹುಟ್ಟಿದವು. ಅಲ್ಲಿನ ಓವಾಹು ದ್ವೀಪದ ಸೇಕ್ರೆಡ್ ಫಾಲ್ಸ್ ಎಂಬ ಜಲಪಾತದಲ್ಲಿ 1999ರ ಮೇ 9ರಂದು ಬಂಡೆಗಳು ಕುಸಿದು 8 ಮಂದಿ ಸತ್ತರು, ಹತ್ತಾರು ಜನ ಗಾಯಗೊಂಡರು. ಮಡಿದವರ ಕಡೆಯವರು ಸರಕಾರವನ್ನು ನ್ಯಾಯಾಲಯಕ್ಕೆ ಎಳೆದರು. ಎಚ್ಚರಿಕೆ ಸಾಲದಾಗಿತ್ತು, ಸರಕಾರದ ಅಲಕ್ಷ್ಯವೇ ಎಂದು ತೀರ್ಪು ಬಂತು. 2003ರಲ್ಲಿ 85 ಲಕ್ಷ ಡಾಲರಿಗೂ ಮೀರಿದ ಪರಿಹಾರಕ್ಕೆ ರಾಜಿಯಾಯಿತು. ಅದೇ ವರ್ಷ ಆ ಸರಕಾರ ಒಂದು ಕಾನೂನು ಮಾಡಿತು. ಇಂಥಿಂಥ ರೀತಿಯ ಬೋರ್ಡನ್ನು ಇಂಥಲ್ಲಿ ನೆಟ್ಟರೆ ಸಾಕಷ್ಟು ಎಚ್ಚರಿಕೆ ಕೊಟ್ಟಂತೆಯೇ ಎಂದು ನ್ಯಾಯಾಲಯಗಳು ತಿಳಿಯಬೇಕು ಎಂಬುದು ಅದರ ತಾತ್ಪರ್ಯ. ಅಂದರೆ ಬೋರ್ಡು ಜನರನ್ನು ಕಲ್ಲಿನಿಂದ ಕಾಯುವುದಕ್ಕಿಂತ ಖಜಾನೆಯನ್ನು ಜನರಿಂದ ಕಾಯುತ್ತದೆ. ಇಷ್ಟಾದರೂ ಒಂದು ಒಳ್ಳೆಯ ಮಾತನ್ನು ಹೇಳಬೇಕು: ಆ ಜಲಪಾತದ ದಾರಿಯನ್ನು ಅವರು ಅಂದು ಮುಚ್ಚಿದವರು ಮತ್ತೆ ತೆರೆಯಲಿಲ್ಲ.

ನಮ್ಮ ವಿರೋಧಿಗಳ ಆಕ್ಷೇಪಗಳನ್ನೂ ನೋಡೋಣ. ಇವು ಸಂರಕ್ಷಿತ ಸ್ಮಾರಕಗಳು, ಇವುಗಳಿಗೆ ಮೊಳೆ ಹೊಡೆಯಲು, ಜಾಲ ಕಟ್ಟಲು ಬರುವುದಿಲ್ಲ, ಸೌಂದರ್ಯ ಹಾಳಾಗುತ್ತದೆ ಎನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅಜಂತಾದ ಕಮರಿಗೆಲ್ಲ ತಂತಿ ಸುತ್ತಿರೆಂದು ನಾವೂ ಹೇಳುವುದಿಲ್ಲ. ಆದರೆ ನೆತ್ತಿಯ ಮೇಲಿನ ಕಾಲುವೆ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಕಲ್ಲಿನೊಳಗೆ ಹೊಗಿಸಿದ ಸರಳಿನ ತಲೆಯನ್ನು ಅದೇ ಕಲ್ಲಿನ ಬಣ್ಣದ ಗಾರೆಯಿಂದ ಮುಚ್ಚಬಹುದು. ಅಂಗಡಿಯನ್ನು ನೂರು ಮಾರು ಆಚೆಗೆ ಸರಿಸಿದರೆ ಯಾವ ಶಿಲ್ಪಕ್ಕೂ ಭಂಗವಿಲ್ಲ. ಅಜಂತಾದಲ್ಲಿಯೇ ಕೆಲವು ಗುಹೆಗಳ ಮುಂಭಾಗ ಹಿಂದೆಂದೋ ಕುಸಿದು ಹೋಗಿದೆ. ಮನುಷ್ಯನ ತಲೆ ಒಡೆಯುವ ಬಂಡೆ ಶಿಲ್ಪಕ್ಕೆ ರಿಯಾಯತಿ ತೋರಿಸುವುದಿಲ್ಲ. ಬಂಡೆಯನ್ನು ಹಿಡಿದು ನಿಲ್ಲಿಸುವುದೇ ಸ್ಮಾರಕದ ರಕ್ಷಣೆ.

ದುಡ್ಡಿಲ್ಲ ಎನ್ನುತ್ತಾರೆ. ದೀಪಾಲಂಕಾರಕ್ಕೆ, ಧ್ವನಿ-ಬೆಳಕಿನ ಆಟಕ್ಕೆ, ಹೆಬ್ಬಾಗಿಲಿಗೆ, ಮಂತ್ರಿಯ ಹೆಲಿಪ್ಯಾಡಿಗೆ ದುಡ್ಡು ಹುಟ್ಟುತ್ತದೆ. ಕಾಲುವೆ ತೋಡಲು, ಹಗ್ಗ ಕೊಳ್ಳಲು, ಹತ್ತು ಜನ ಕಲ್ಲುಕೆಲಸದವರಿಗೆ ಸಂಬಳ ಕೊಡಲು ಹುಟ್ಟುವುದಿಲ್ಲ. ಕಾಲುವೆಯ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡರೆ ಪತ್ರಿಕೆಯಲ್ಲಿ ಚೆನ್ನಾಗಿ ಬರುವುದಿಲ್ಲವೆಂಬುದೊಂದೇ ಇದಕ್ಕೆ ಕಾರಣ.

ಜನ ಮಾತು ಕೇಳುವುದಿಲ್ಲ, ಮೊಬೈಲು ಹಿಡಿದು ಅಂಚಿಗೆ ಹೋಗುತ್ತಾರೆ ಎನ್ನುತ್ತಾರೆ. ಕೆಲವರು ಹೋಗುತ್ತಾರೆ, ಅವರಿಗೆ ಬುದ್ಧಿ ಹೇಳೋಣ. ಆದರೆ ಅಂಚಿಗೆ ಹೋದವನು ಜಾರಿ ಬೀಳುವುದು ಬೇರೆ, ಸರಕಾರವೇ ಕಟ್ಟಿದ ಮೆಟ್ಟಿಲ ಮೇಲೆ ಸರಕಾರವೇ ಕೊಟ್ಟ ಟಿಕೆಟ್ಟು ಹಿಡಿದು ತಲೆ ತಗ್ಗಿಸಿ ಹತ್ತುವವನ ಮೇಲೆ ಕಲ್ಲು ಬೀಳುವುದು ಬೇರೆ. ಆ ಎರಡನೆಯವನು ಯಾವ ಜೋಕೆ ಮಾಡಬೇಕಿತ್ತು? ಆಕಾಶ ನೋಡುತ್ತ ಮೆಟ್ಟಿಲು ಹತ್ತಬೇಕಿತ್ತೇ?

ಈ ಎಲ್ಲ ಚರ್ಚೆಯಲ್ಲಿಯೂ ಯಾರೂ ಹೆಸರೆತ್ತದ ಒಬ್ಬಳಿದ್ದಾಳೆ. ಗಡದ ದಾರಿಯಲ್ಲಿ ಮಜ್ಜಿಗೆ, ನಿಂಬೆಶರಬತ್ತು, ಕಾಕಡಿ ಮಾರುವ ಹೆಂಗಸು. ಬಿಸಿಲು ತಾಳದೆ ಆಕೆ ಬಂಡೆಯ ನೆರಳಿಗೇ ಒತ್ತಿ ಕೂಡುತ್ತಾಳೆ. ಪ್ರವಾಸಿ ಆ ಬಂಡೆಯ ಕೆಳಗೆ ಹತ್ತು ನಿಮಿಷ ಇರುತ್ತಾನೆ, ಜನ್ಮದಲ್ಲಿ ಒಂದೆರಡು ಸಲ. ಈಕೆ ದಿನಕ್ಕೆ ಹತ್ತು ತಾಸು, ವರ್ಷಕ್ಕೆ ಇನ್ನೂರು ಮುನ್ನೂರು ದಿನ ಇರುತ್ತಾಳೆ. ಗಣಿತ ಕಲಿತ ಯಾವ ಹುಡುಗನಾದರೂ ಲೆಕ್ಕ ಹಾಕಲಿ: ಒಂದೇ ದಿನದಲ್ಲಿ ಪ್ರವಾಸಿಯ ಅಪಾಯದ 60 ಪಟ್ಟು ಅಪಾಯ ಆಕೆಯ ತಲೆಯ ಮೇಲಿದೆ. ಡೋಲಿ ಹೊರುವವನದೂ, ಕಸ ಗುಡಿಸುವವನದೂ, ಟಿಕೆಟ್ಟು ಹರಿಯುವ ದಿನಗೂಲಿಯವನದೂ ಇದೇ ಲೆಕ್ಕ. ಬೋರ್ಡನ್ನು ಬರೆಯುವುದು ಬಂದುಹೋಗುವವರಿಗಾಗಿ. ಅಲ್ಲಿಯೇ ದುಡಿದು ತಿನ್ನುವವರಿಗೆ 'ಜೋಕೆ' ಎಂದರೆ 'ಉಪವಾಸ ಇರು' ಎಂದಂತೆ.

ಇಲ್ಲಿ ನಮ್ಮ ಪಕ್ಷದವರೂ ಒಂದು ಮಾತು ಗಮನಿಸಬೇಕು. 'ಮಳೆ ಬಂದರೆ ದಾರಿ ಮುಚ್ಚಿರಿ' ಎಂದು ಬರಿದೆ ಕೂಗಿದರೆ ಮುಚ್ಚಿದ ದಿನದ ನಷ್ಟವೆಲ್ಲ ಆ ಹೆಂಗಸಿನ ಬುಟ್ಟಿಯ ಮೇಲೆ ಬೀಳುತ್ತದೆ. ಹೊಟ್ಟೆ ಹಸಿದವಳು ಕಟ್ಟಿದ ಹಗ್ಗದ ಕೆಳಗೆ ನುಸುಳಿ ಹೋಗಿಯೇ ಹೋಗುತ್ತಾಳೆ. ಮುಚ್ಚಿದ ದಿನಕ್ಕೆ ಕೂಲಿ ಕಟ್ಟಿಕೊಡದ ಸುರಕ್ಷತೆ ಬಡವರ ಪಾಲಿಗೆ ಇನ್ನೊಂದು ದಂಡವಷ್ಟೇ.

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಒಂದು: ಪುರಾತತ್ವ ಇಲಾಖೆಯೂ ಮಹಾರಾಷ್ಟ್ರ ಸರಕಾರವೂ ಜನ ಸೇರುವ ಪ್ರತಿಯೊಂದು ಗಡದ, ಗುಹೆಯ ಬಂಡೆಮುಖವನ್ನು ವರ್ಷಕ್ಕೆ ಎರಡು ಸಲ ಪರೀಕ್ಷಿಸಬೇಕು, ವರದಿಯನ್ನು ಟಿಕೆಟ್ಟಿನ ಕಿಟಕಿಯ ಪಕ್ಕದಲ್ಲಿ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಹಚ್ಚಬೇಕು. ಕಡತದೊಳಗಿನ ವರದಿ ನಮಗೆ ಬೇಡ.

ಎರಡು: ಟಿಕೆಟ್ಟಿನ, ವಾಹನ ನಿಲುಗಡೆಯ ಹುಟ್ಟುವಳಿಯಲ್ಲಿ ಮೊದಲ ಪಾಲು ಬಂಡೆಗೆ ಹೋಗಬೇಕು. ಕಾಲುವೆ, ಸರಳು, ಗುಂಡಿ ಮುಗಿದ ಮೇಲೆ ದೀಪಾಲಂಕಾರ.

ಮೂರು: ಸಡಿಲ ಕಲ್ಲು ಇಳಿಸುವ ಕೆಲಸಕ್ಕೆ ಕಲ್ಲು ಬಲ್ಲ ಕುಲಕಸುಬಿನವರನ್ನು ಕಾಯಂ ನೌಕರರಾಗಿ ನೇಮಿಸಬೇಕು. ಅವರಿಗೆ ಹಗ್ಗ, ಶಿರಸ್ತ್ರಾಣ, ವಿಮೆ ಕೊಡಬೇಕು. ಇತರರ ತಲೆ ಕಾಯಲು ಹೋದವನ ತಲೆ ಬರಿದಾಗಿರಬಾರದು.

ನಾಲ್ಕು: ಅಂಗಡಿ, ಬುಟ್ಟಿಗಳಿಗೆ ಬಂಡೆಯಿಂದ ದೂರ ನೆರಳಿನ ಕಟ್ಟೆ ಕಟ್ಟಿಸಬೇಕು, ಮಳೆಗೆ ದಾರಿ ಮುಚ್ಚಿದ ದಿನ ಅವರಿಗೆ ಅಂದಿನ ಕೂಲಿ ಕೊಡಬೇಕು.

ಐದು: ಕರ್ನಾಟಕದ ಶಿಕ್ಷಣ ಇಲಾಖೆಯು ಪ್ರವಾಸಕ್ಕೆ ಪರವಾನಿಗೆ ಕೊಡುವ ಮೊದಲು ಆ ಸ್ಥಳದ ಈ ವರ್ಷದ ಪರೀಕ್ಷೆಯ ವರದಿಯನ್ನು ತರಿಸಿ ನೋಡಬೇಕು. ತಂದೆತಾಯಿಗಳಿಂದ ಹೊಣೆಗಾರಿಕೆಯ ಕಾಗದ ಬರೆಸಿಕೊಳ್ಳುವ ಪದ್ಧತಿ ರದ್ದಾಗಬೇಕು. ಮಕ್ಕಳ ಹೊಣೆಯನ್ನು ಸರಕಾರ ಹೊರಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕಲ್ಲು ಬೀಳಲಾರದೆಂದು ನಾವು ಪ್ರಮಾಣ ಮಾಡುವುದಿಲ್ಲ. ಬೆಟ್ಟ ಬೆಟ್ಟವೇ. ಆದರೆ ಕಾಲುವೆ ತೋಡಿ, ಸಡಿಲ ಕಲ್ಲು ಇಳಿಸಿ, ಜನರನ್ನು ದೂರ ನಿಲ್ಲಿಸಿದ ಮೇಲೆ ಬಿದ್ದ ಕಲ್ಲಿಗೆ ದೈವದ ಹೆಸರು ಹೇಳಲು ಸರಕಾರಕ್ಕೆ ಅಧಿಕಾರ ಬರುತ್ತದೆ. ಅದಕ್ಕೆ ಮೊದಲು ಬಿದ್ದ ಪ್ರತಿಯೊಂದು ಕಲ್ಲಿನ ಮೇಲೆಯೂ ಅಲಕ್ಷ್ಯದ ಮೊಹರು ಇರುತ್ತದೆ.

ಇಬ್ರಾಹಿಂಪುರದ, ತಿಕೋಟಾದ, ಬಬಲೇಶ್ವರದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ. ಈ ಸಲ ಪ್ರವಾಸದ ಕಾಗದ ಮನೆಗೆ ಬಂದಾಗ ಹೆಬ್ಬೆಟ್ಟು ಒತ್ತುವ ಮೊದಲು ಅದರ ಬೆನ್ನಿನ ಮೇಲೆ ಒಂದು ಪ್ರಶ್ನೆ ಬರೆಸಿರಿ: 'ಬಂಡೆಯನ್ನು ಈ ವರ್ಷ ಯಾರು ನೋಡಿದ್ದಾರೆ?' ಒಬ್ಬರು ಕೇಳಿದರೆ ನಗುತ್ತಾರೆ, ಹತ್ತು ಜನ ಕೇಳಿದರೆ ಸಿಟ್ಟಾಗುತ್ತಾರೆ, ಊರೇ ಕೇಳಿದರೆ ಉತ್ತರ ಹುಡುಕಲು ಹೊರಡುತ್ತಾರೆ.